ಮಹಾಸಭೆಯಲ್ಲಿ ಒಂದು ನಿಮಿಷ

ಬನಹಟ್ಟಿ
ಸೋಮವಾರ, 17 ನವೆಂಬರ್ 2025

ಪ್ರೀತಿಯ ತಮ್ಮ ಪರಮಾನಂದಗ,

ಅಕ್ಕ ಮಾಡುವ ಆಶೀರ್ವಾದ. ಅರಾಮ ಅದೀಯೋ ಇಲ್ಲೋ? ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕತಾರೇನು? ಆ ಶೂಟಿಂಗ್ ಲೈಟಿನ ಝಳಕ್ಕ ನಿನ್ನ ತಲಿನೋವು ಹೆಚ್ಚಾಗಿಲ್ಲ ಹೌದಲ್ಲೋ? ನಾನು ಐದನೇ ಇಯತ್ತಕ್ಕ ಸಾಲಿ ಬಿಟ್ಟಾಕಿ, ಅಕ್ಷರ ಡೊಂಕಾದರ ನಗಬ್ಯಾಡ. ಫೋನಿನ್ಯಾಗ ಹೇಳಬೇಕಂದರ ಅಳು ಬರತೈತಿ, ಅದಕ್ಕ ಬರದೇನಿ.

ನಿಮ್ಮ ಧಾರಾವಾಹಿಯೊಳಗ ಸುವರ್ಣದೇಶದ ಮಹಾಸಭೆ ಕೂಡಿತಂದರ ನಮ್ಮ ಓಣಿಯ ಮಗ್ಗದ ಸಪ್ಪಳ ನಿಲ್ಲತೈತಿ. ಬಜೆಟ್ ದಿವಸ ಇಡೀ ದೇಶ ಆಳೋ ಮಂದಿ, ಚಹಾದ ಕೂಡ ಮಿರ್ಚಿ ಭಜಿನೋ ಬಿಸ್ಕೀಟೋ ಅಂತ ಮತ ಹಾಕಿದ್ದು ನೆನಸಿ ಪಕ್ಕದ ಮನಿ ಶೇವಂತಿ ಇನ್ನೂ ನಗಾಕತ್ಯಾಳ. ನೀನು ಹಿಂದಿನ ಸಾಲಿನಿಂದ ಎದ್ದು "ಸಭಾಪತಿಗಳೇ, ನನಗೊಂದು ನಿಮಿಷ ಕೊಡ್ರಿ" ಅನ್ನೂದು, ಅವರು "ಕೂಡ್ರಿ, ಕೂಡ್ರಿ" ಅನ್ನೂದು. ಎಲ್ಲಾರೂ ಹೊಟ್ಟಿ ಹಿಡಕೊಂಡು ನಗತಾರ. ನನಗ ಮಾತ್ರ ನಗು ಬರೂದಿಲ್ಲಪಾ, ನಿನ್ನ ಮಾರಿ ನೋಡಕೋತ ಕುಂತಿರತೀನಿ.

ಅಪ್ಪನ ಸುದ್ದಿ ಹೇಳತೀನಿ. ಅಪ್ಪ ಹಚ್ಚಿದ್ದ ತೇರದಾಳದ ಅರಿವಿ ಅಂಗಡಿ ಕೆಲಸ ನೀ ಬಿಟ್ಟು ನಾಟಕಕ್ಕ ಹೋದಾಗಿಂದ ನಿನ್ನ ಹೆಸರ ಎತ್ತದಾಂವ, ನಮ್ಮ ಮನ್ಯಾಗ ಮೊದಲ ಟೀವಿಗೆ ಬೆನ್ನ ಮಾಡಿ ಕೂಡತಿದ್ದ. ಬರಬರತ ಅಡ್ಡ ಕುಂತ. ಆಮ್ಯಾಲ ಎದುರಿಗೇ ಕುರ್ಚಿ ಎಳಕೊಂಡ. ಹೋದ ತಿಂಗಳ ಒದರೇ ಬಿಟ್ಟ, "ಏ ಸಭಾಪತಿ! ಹುಡುಗಗ ಮಾತಾಡಾಕ ಕೊಡಲೇ! ನಿಮ್ಮಪ್ಪನ ಗಂಟೇನು ಹೋಗತೈತಿ?" ಶೇವಂತಿ ಸುಮ್ಮನಿರಬೇಕಲ್ಲ? "ಕಾಕಾ, ನೀವರೆ ಅವಗ ಎಂದರೆ ಮಾತಾಡಾಕ ಕೊಟ್ಟೀರೇನ್ರಿ?" ಅಂದಳು. ಅಪ್ಪ ಟೀವಿ ಸಪ್ಪಳ ಏರಿಸಿದ.

ಹೋದ ಶುಕ್ರವಾರ ನಿನ್ನ ಪಾತ್ರಾನ ಸಾಯಿಸಿಬಿಟ್ಟರು. ನಿನ್ನ ಫೋಟೋಕ್ಕ ಮಾಲಿ! ಬದುಕಿದ್ದ ಹುಡುಗನ ಫೋಟೋಕ್ಕ ಹಂಗ ಹಾಕಬಾರದು ಅಂತ ಅಲ್ಲಿ ಹೇಳಾವರು ಯಾರೂ ಇಲ್ಲೇನೋ? ನಾನು ಉಪ್ಪು ಮೆಣಸಿನಕಾಯಿ ತಗೊಂಡು ಟೀವಿಗೇ ದೃಷ್ಟಿ ತೆಗೆದೆ. ಶೇವಂತಿ ಅಳಾಕತ್ತಳು. "ನಾಟಕದಾಗ ಸತ್ತರ ಬಾಯಿ ಬಡಕೋತೀ ಏನ್ಬೇ?" ಅಂತ ಅಪ್ಪ ಬೈದ. ಅಷ್ಟರಾಗ ಸಭಾಪತಿ, ಅಗಲಿದ ಸದಸ್ಯರಿಗೆ ಒಂದು ನಿಮಿಷ ಮೌನ ಅಂದರು. ಮಹಾಸಭೆ ಎದ್ದು ನಿಂತಿತು. ಇಲ್ಲಿ ಅಪ್ಪನೂ ಮೊಣಕಾಲ ಹಿಡಕೊಂಡು ಎದ್ದು ನಿಂತ. ಜಾಹೀರಾತು ಬಂದರೂ ಕೂಡಲಿಲ್ಲ. ಅವತ್ತ ರೊಟ್ಟಿ ಮುಟ್ಟಲಿಲ್ಲ.

ಈಗ ನಿನಗ ಕೆಲಸ ಐತೋ ಹೋತೋ? ಸತ್ತಾವರಿಗೂ ಪಗಾರ ಕೊಡತಾರೇನು? ಮನಿಗೆ ಬಾ ಅನ್ನಾಕ ನನಗ ಧೈರ್ಯ ಸಾಲವಲ್ಲದು. ನೀ ಬಂದಾಗ ಅಪ್ಪ ಮತ್ತ ಮಾರಿ ತಿರುವಿದರ ನಿನಗ ತಡಕೊಳ್ಳಾಕ ಆಗೂದಿಲ್ಲ, ನನಗೂ ಆಗೂದಿಲ್ಲ. ಮಲ್ಲಯ್ಯ ನಿನ್ನ ಕಾಯಲಿ. ಮೈ ಜ್ವಾಕಿ, ಥಂಡಿ ನೀರ ಕುಡೀಬ್ಯಾಡ.

ನಿನ್ನ ಅಕ್ಕ
ದಾನಮ್ಮ

ತಾ.ಕ.: ಟಪಾಲಿಗೆ ಹಾಕಾಕ ಹೊಂಟಿದ್ದೆ, ಅಪ್ಪ ಪಾಕೀಟಿಗೆ ಕೈ ಚಾಚಿದ. "ಟಪಾಲಿನಾಗ ಎಲ್ಲರೆ ಕಳದೀತು, ನಾನೇ ಒಯ್ದು ಕೊಡತೀನಿ" ಅಂದ. ಇಸ್ತ್ರಿ ಮಾಡಿದ ಧೋತರ ಉಟ್ಟು ಸಂಜಿ ಬೆಂಗಳೂರ ಬಸ್ಸಿಗೆ ತಯಾರಾಗಿ ನಿಂತಾನ. ನಿನಗ ಫೋನ್ ಮಾಡಬ್ಯಾಡ ಅಂತ ಆಣಿ ಹಾಕ್ಯಾನ. ನೀ ಇದನ್ನ ಓದಾಕತ್ತೀದಿ ಅಂದರ ಅಪ್ಪ ನಿನ್ನ ಬಾಗಲದಾಗ ನಿಂತಾನ. ಮೊದಲ ಒಳಗ ಕರದು ಕೂಡ್ರಸು. ಏನು ಮಾತಾಡಬೇಕಂತ ಅವಗೂ ಗೊತ್ತಿಲ್ಲ. ನೀನೇ ಸುರು ಮಾಡು, ಕೇಳತಾನ.