ದೇವರಮನೆ ಬಣ್ಣ

ರೀ,
ನಿದ್ದೆ ಕೆಡಿಸೋದು ಬೇಡ ಅಂತ ಎಬ್ಬಿಸಲಿಲ್ಲ. ಏಳೂವರೆ ಬಸ್ಸಿಗೆ ಮಾಲೂರಿಗೆ ಹೊರಟೆ.

ಓನರ್ ಶಾಮಲಮ್ಮನೋರು ಬೆಳಿಗ್ಗೇನೆ ಮೇಲೆ ಬಂದಿದ್ರು. ನಾವು ಮುಂದಿನ ತಿಂಗಳು ಖಾಲಿ ಮಾಡಬೇಕಂತೆ. ಬಣ್ಣ ಹೊಡೆದ ಮೇಲೆ ಮನೆ ಲಕ್ಷಣವಾಗಿದೆ, ಈಗ ಒಳ್ಳೆ ಬಾಡಿಗೆ ಬರುತ್ತೆ ಅಂದ್ರು. ನಾನು ಹೂಂ ಅಂದೆ, ಅಷ್ಟೇ.

"ನಿಮ್ಮನೆ ಅಂತಲೇ ಅಂದ್ಕೊಳ್ಳಿ" ಅಂತ ಅವರು ಅಂದಿದ್ದನ್ನ ನಂಬಿ, ನಾನು ಬೇಡ ಅಂದ್ರೂ ಮೂರು ಭಾನುವಾರ ಏಣಿ ಹತ್ತಿದ್ರಿ. ಹೋಗ್ಲಿ ಬಿಡಿ. ಕೆಳಗಿಳಿದು ಜಗಳ ಆಡಬೇಡಿ.

ಹುರುಳಿ ಸಾರಿದೆ, ಮುದ್ದೆ ನೀವೇ ಮಾಡ್ಕೊಳ್ಳಿ.

ಹನ್ನೊಂದಕ್ಕೆ ಮನೆ ನೋಡೋಕೆ ಯಾರೋ ಬರ್ತಾರಂತೆ. ಮಂಚದ ಮೇಲಿನ ಬಟ್ಟೆ ಮಡಚಿಡಿ. ದೇವರಮನೆಗೆ ನೀವು ನಿನ್ನೆ ಹೊಡೆದ ಬಣ್ಣ ಇನ್ನೂ ಒಣಗಿಲ್ಲ. ಗೋಡೆ ಮುಟ್ಟಬೇಡಿ ಅಂತ ಅವರಿಗೆ ಹೇಳಿ.