ಅವಳಿಗೆಂದು ತಂದ ಕುಂಕುಮ

ರೀ,

ಬೆಳಿಗ್ಗೆಯಿಂದ ಸಮುದ್ರದ ಕಡೆಯ ಗಾಳಿ ನಿಂತುಹೋಗಿದೆ, ಒಂದು ಎಲೆಯೂ ಅಲುಗುತ್ತಿಲ್ಲ. ನೀವು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ನಾನು ವಿಜಯವಾಡದ ರೈಲಿನಲ್ಲಿರುತ್ತೇನೆ.

ಅಪಘಾತವಾಗಿ ಅಲ್ಲಿನ ಆಸ್ಪತ್ರೆಯಲ್ಲಿರುವ ಸುಲೋಚನಾಗೆ ನಿನ್ನೆ ಪ್ರಜ್ಞೆ ಬಂತಂತೆ. ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದ ಗಂಡ ಎಲ್ಲಿ ಎಂದು ಕೇಳುತ್ತಲೇ ಇದ್ದಾಳಂತೆ. ಸುಬ್ರಹ್ಮಣ್ಯ ಅವರು ಹೋದದ್ದು ಅವಳಿಗಿನ್ನೂ ಗೊತ್ತಿಲ್ಲ. ಮಗ ಸುಮುಖ ಫೋನಿನಲ್ಲಿ ಅತ್ತುಬಿಟ್ಟ: “ಆಂಟೀ, ನನ್ನ ಕೈಲಿ ಆಗಲ್ಲ, ನೀವೇ ಚೆಪ್ಪಂಡಿ, ನೀವೇ ಹೇಳಿ.”

ಹುಳಿ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಮರೆತರೆ ನನ್ನಾಣೆ.

ನೀವು ಅವಳಿಗೆಂದು ಸಿಂಹಾಚಲದಿಂದ ತಂದ ಕುಂಕುಮ, ಹಸಿರು ಬಳೆ ನನ್ನ ಚೀಲದಲ್ಲಿದ್ದವು. ಅವಳಿಗೆ ಕಳಿಸುವುದು ನಿಮಗೆ ವರ್ಷಗಟ್ಟಲೆಯ ಅಭ್ಯಾಸ, ನಿಮ್ಮನ್ನು ಹೇಗೆ ಬೈಯಲಿ? ಬಳೆ ತೆಗೆದು ದೇವರ ಮುಂದಿಟ್ಟಿದ್ದೇನೆ. ಕುಂಕುಮ ಮಾತ್ರ ಒಯ್ಯುತ್ತೇನೆ. ಹೇಳುವ ಮುಂಚೆ ಒಂದು ಸಲ ಅವಳ ಹಣೆಗೆ ಇಡುತ್ತೇನೆ. ಸ್ವಾಮಿ ಕ್ಷಮಿಸುತ್ತಾನೆ.

ಅಂದು ನಮ್ಮ ಕೂಸು ಉಳಿಯಲಿಲ್ಲವೆಂದು ನನಗೆ ಹೇಳಲು ಬಾಯಿ ಬಾರದೆ ನೀವು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿರಿ. ಆಗ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಸುಲೋಚನಾಳೇ ಒಳಗೆ ಬಂದು ನನಗೆ ಹೇಳಿದಳು. ಹಿಡಿದ ಕೈಯನ್ನು ಬೆಳಗಾಗುವವರೆಗೂ ಬಿಡಲಿಲ್ಲ.

ಇವತ್ತು ಅವಳ ಕೈ ನಾನು ಹಿಡಿದುಕೊಳ್ಳುತ್ತೇನೆ.