ಮಿಡತೆಯ ಕೋಟಿನ ಅಳತೆ

ಮಾರ್ಚ್ 4, ಬೆಳಿಗ್ಗೆ

ನನ್ನ ಗುಬ್ಬಿಗೆ,

ನಿನ್ನ ಅಮ್ಮನ ಆಶೀರ್ವಾದ. ಹೇಗಿದ್ದೀಯ? ಬಸ್ಸು ಓಡಿಸಿ ಓಡಿಸಿ ಹಿಡಿದುಕೊಂಡಿದ್ದ ಅಳಿಯಂದಿರ ಸೊಂಟ ಈಗ ಹೇಗಿದೆ? ನನ್ನ ಮೊಮ್ಮಗಳು ಮಿಡತೆ ಒಂದು ಕಡೆ ಕೂತು ಊಟ ಮಾಡುತ್ತಾಳೋ, ಈಗಲೂ ಹಾರಾಡುತ್ತಲೇ ತಿನ್ನುತ್ತಾಳೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಮೂರು ಸಲ ಹೆಣಗಬೇಕು.

ಮಿಡತೆಗೆ ಹವಾಮಾನ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ನಿನ್ನ ಅಣ್ಣ ಹೇಳಿದ. ಅಲ್ಲಿ ಚಳಿಗಾಳಿ ಜೋರಂತೆ. ಒಂದು ಕೋಟು ಹೊಲಿಯೋಣ ಅನ್ನಿಸಿತು. ಬೂದು ಬಣ್ಣದ ಉಣ್ಣೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿ ದೂರ ಇಟ್ಟು, ಈ ಕಾಗದ ಬರೆಯುತ್ತಿದ್ದೇನೆ.

ನಿನ್ನ ಹತ್ತನೇ ವರ್ಷದ ನೀಲಿ ಕೋಟು ನೆನಪಿದೆಯಾ? ಊರವರಿಗೆಲ್ಲ ಎರಡೆರಡು ಸಲ ಟೇಪು ಹಿಡಿಯುತ್ತಿದ್ದವಳು ನಿನಗೆ ಮಾತ್ರ ಹಿಡಿಯುತ್ತಿರಲಿಲ್ಲ. ಹೆತ್ತವಳಿಗೆ ಅಳತೆ ಯಾಕೆ ಅನ್ನುವ ಜಂಬ! ತೋಳು ಮಣಿಕಟ್ಟಿಗಿಂತ ಮೂರು ಬೆರಳು ಮೇಲೆಯೇ ನಿಂತುಬಿಟ್ಟಿತು. ಕಿಟಕಿ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದ ನಿಮ್ಮಪ್ಪ, "ಮಗು ಬೆಳೀತಾ ಇದೆ ಕಣೇ, ನಿನ್ನ ಕತ್ತರಿ ಬೆಳೀತಿಲ್ಲ" ಅಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಸ್ತ್ರಿಪೆಟ್ಟಿಗೆಯ ಆ ಬಿಸಿ ವಾಸನೆ, ನಿನ್ನ ಕಾಲಡಿಯ ನೀಲಿ ಚೂರುಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ನಕ್ಕೆನೇ ಹೊರತು ಕಲಿಯಲಿಲ್ಲ. ನಿನ್ನ ಮದುವೆಯ ಉಡುಪನ್ನೂ ಹಾಗೇ ಕತ್ತರಿಸಿದೆ. ನೀನು ಉಸಿರು ಬಿಗಿಹಿಡಿದು ನಿಂತು, "ಅಮ್ಮಾ, ಇನ್ನೂ ಹಳೇ ನನಗೇ ಹೊಲೀತಿದ್ದೀಯಲ್ಲ" ಅಂದೆ. ಆಗ ಯಾರೂ ನಗಲಿಲ್ಲ.

ಹೋದ ಬೇಸಿಗೆಯಲ್ಲಂತೂ ಬಟ್ಟೆಯನ್ನೂ ದಾಟಿಬಿಟ್ಟೆ. ಇನ್ನು ಮಿಡತೆಯೇ ನನ್ನ ಹೊಲಿಗೆ ಅಂಗಡಿ ನೋಡಿಕೊಳ್ಳುತ್ತಾಳೆಂದು ಬೋರ್ಡಿಗೆ ಅವಳ ಹೆಸರು ಬರೆಸಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಬೋರ್ಡು ನೋಡಿ ಮಗು ಅತ್ತಿತು. ನೀನು ಚೀಲ ತುಂಬಿಸಿಕೊಂಡು, "ಒಂದು ಸಲ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದು ಬಸ್ಸು ಹತ್ತಿದೆ. ಹನ್ನೊಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ.

ಹೋದ ವಾರ ಬೈಬಲ್ಲಿನಲ್ಲಿ, ದೇವರು ಮಾತು ಕೊಟ್ಟ ನಾಡಿಗೆ ಹೊರಟು ಮರಳುಗಾಡಿನಲ್ಲೇ ಸುತ್ತಿದ ಜನರ ಕಥೆ ಮತ್ತೆ ಓದಿದೆ. ಹನ್ನೊಂದು ದಿನದ ದಾರಿ. ನಲವತ್ತು ವರ್ಷ ಅಲೆದರು. ನೀನು ಸಣ್ಣವಳಿದ್ದಾಗ ನಿನಗೆ ಇದನ್ನು ಓದಿ ಹೇಳುತ್ತಾ, ಎಂಥ ಮೊದ್ದುಗಳಪ್ಪಾ ಅಂತ ನಗುತ್ತಿದ್ದೆ. ಈ ಬೆಟ್ಟ ಸುತ್ತಿದ್ದು ಸಾಕು, ತಿರುಗಿಕೊಳ್ಳಿ ಎಂದು ದೇವರು ಹೇಳುವಲ್ಲಿಗೆ ಬಂದಾಗ ಈ ಸಲ ನಗು ಬರಲಿಲ್ಲ. ಪುಸ್ತಕ ಮುಚ್ಚಿ, ಏಣಿ ಹತ್ತಿ, ಬೋರ್ಡು ಇಳಿಸಿದೆ. ಏಣಿ ಹಿಡಿದಿದ್ದ ಪಕ್ಕದಂಗಡಿಯ ಬೀಗ ರಿಪೇರಿಯವರು, "ಅಜ್ಜೀ, ಬಿದ್ರೆ ನಿಮಗೆ ಹೊಸ ಸೊಂಟ ಹೊಲಿಯೋರು ಯಾರು?" ಅಂತ ಬೈದರು.

ಅದಕ್ಕೇ ಈಗ ಕೇಳುತ್ತಿದ್ದೇನೆ. ಮಿಡತೆಗೆ ಕೋಟು ಬೇಕಾ? ಬೇಕಿದ್ದರೆ ಬೂದು ಬಣ್ಣ ಆದೀತಾ? ಭುಜ, ಎದೆ, ತೋಳಿನ ಉದ್ದ ಎಲ್ಲ ನೀನೇ ಟೇಪು ಹಿಡಿದು ಬರೆದು ಕಳಿಸು. ಬೇಡ ಅಂದರೂ ಸರಿಯೇ. ಆ "ಬೇಡ"ವನ್ನಾದರೂ ಬೇಗ ಬರೆ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಮೇಜಿನ ಮೇಲಿರುವುದು ಎರಡನೆಯ ಬಟ್ಟೆ. ಬೋರ್ಡು ಇಳಿಸಿದ ಮರುದಿನವೇ, ಕೆಲಸದ ಸುದ್ದಿ ಕೇಳಿದ ಸಂಭ್ರಮದಲ್ಲಿ, ಮೊದಲನೆಯದನ್ನು ಕಣ್ಣಂದಾಜಿನಲ್ಲೇ ಕತ್ತರಿಸಿ ಮುಗಿಸಿದ್ದೆ. ತೋಳು ಎತ್ತಿ ಹಿಡಿದು ನೋಡಿದರೆ, ನಿನ್ನ ಹತ್ತನೇ ವರ್ಷದ ಅಳತೆ! ನಗು ಬಂದರೆ ಅದನ್ನೂ ಕಾಗದದಲ್ಲಿ ಬರೆದು ಕಳಿಸು, ಮಗಳೇ.